ಸೊಟ್ಟಗೆ ಕೂಡಿದ ಮೂಳೆ

...ಹಂಗೆ ಬೆರಳ ತುದೀಲಿ ಹಿಡಿದ್ರೆ ಹೆಂಗೆ ಮಂಜುಶ್ರೀ? ಅದೇನು ಕಚ್ಚಲ್ಲ. ನಾಳೆ ಪ್ರಾಕ್ಟಿಕಲ್‌ನಲ್ಲಿ ಹಿಂಗೇ ನಿಂತ್ರೆ ಹೊರಗಿಂದ ಬರೋ ಎಕ್ಸಾಮಿನರ್ ನಗ್ತಾರೆ. ಪಾಸಾಗದಿದ್ರೆ ನರ್ಸಿಂಗ್ ಬುಡಿಸಿ ಹಟ್ಟಿಗೆ ಕರ್ಕೊಂಡೋಗ್ತೀನಿ ಅಂತ ನಿಮ್ಮಪ್ಪ ಚಿತ್ತಯ್ಯ ನನ್ನ ಮುಂದೇನೇ ಅಂದಿದ್ದು. ಅದಕ್ಕೇ ಭಾನುವಾರ ಅಂತಾನೂ ನೋಡದೆ ಕರೆಸಿದ್ದು.

ಕೂತ್ಕೋ. ಆ ಕೊಬ್ಬರಿ ಚೀಲ ಸರಿಸಿ ಕೂತ್ಕೋ. ಕಾಲೇಜಿನ ಮೂಳೆ ಹೊರಗೆ ತರಂಗಿಲ್ಲ. ಇವು ನನ್ನ ಸ್ವಂತದವು. ಮನೇಲಿ ಇಡೋಕೆ ನಮ್ಮ ಗಿರಿಜಾಂಬಿಕಾ ಬುಡಲಿಲ್ಲ. ಅನಾಟಮಿ ಮೇಷ್ಟ್ರ ಹೆಂಡತಿ, ಪೆಟ್ಟಿಗೆ ಕಂಡ ಕೂಡಲೆ ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದಳು. ಹಂಗಾಗಿ ತೋಟದ ಅಟ್ಟಕ್ಕೆ ಬಂದ್ವು. ತೆಂಗಿನಕಾಯಿ ದೆವ್ವಕ್ಕೆ ಹೆದರಲ್ಲ.

ನೀನು ಬಂದವಳೇ ಬೇಲಿ ಕಡೆ ಹೋಗಿ ಕೈ ಮುಗಿದದ್ದು ನೋಡ್ದೆ. ತಪ್ಪು ಅನ್ನಲ್ಲ. ತೋಟ ನನಗೆ ಮಾರುವಾಗ ನಿಮ್ಮಪ್ಪ ಹೇಳಿದ್ದು ಒಂದೇ ಮಾತು, ನಮ್ಮವ್ವನ್ನ ಹೂತ ಗುಡ್ಡೆ ಮುಟ್ಟಬೇಡಿ ಸಾರ್ ಅಂತ. ಕಲ್ಲು ಇದ್ದಲ್ಲೇ ಇದೆ. ಪಿತೃಪಕ್ಷದಲ್ಲಿ ನೀವು ಬಂದು ಎಡೆ ಇಡೋದಕ್ಕೂ ನಾನು ಅಡ್ಡಿ ಮಾಡಿಲ್ಲ. ಒಳಗಿರೋದು ಕ್ಯಾಲ್ಸಿಯಂ. ಮೇಲೆ ಮುದ್ದೆ, ಕೋಳಿಸಾರು. ಕ್ಯಾಲ್ಸಿಯಂ ಏನು ಉಣ್ಣುತ್ತಾ?... ಸರಿ, ನಗು ಬರಲಿಲ್ಲ, ಬುಡು.

ಇದು ಸೊಂಟದ ಮೂಳೆ. ಈ ಕಚ್ಚು ಅಗಲ ಇದೆ, ಹೆಬ್ಬೆರಳು ಸಲೀಸಾಗಿ ಕೂರುತ್ತೆ. ಅಂದ್ರೆ? ಹೆಂಗಸು. ವಯಸ್ಸಾದ ಹೆಂಗಸು, ಅಂಚು ನೋಡು, ಸವೆದಿದೆ. ಯಾರು ಅಂತ ಕೇಳಬಾರದು. ಮೂಳೆಗೆ ಹೆಸರಿಲ್ಲ, ಜಾತಿ ಇಲ್ಲ, ಅದೊಂದೇ ಅದರ ದೊಡ್ಡ ಗುಣ. ಬೆಂಗಳೂರಲ್ಲಿ ಓದು ಮುಗಿಸಿದ ಹುಡುಗನೊಬ್ಬ ಮಾರಿದ, ನಾನು ತಗೊಂಡೆ.

ಇದು ಸೇಕ್ರಂ, ಬೆನ್ನುಮೂಳೆಯ ಬುಡ. ಈ ತೂತುಗಳಲ್ಲಿ ನರ ಹಾಯ್ದು ಕಾಲಿಗೆ... ಏನು ಕೀಳ್ತಿದೀಯ? ನಾರು ಅದು. ಪ್ಯಾಕ್ ಮಾಡುವಾಗ ಸೇರ್ಕೊಂಡಿರುತ್ತೆ. ಜಗ್ಗಬೇಡ. ಜಗ್ಗಬೇಡ ಅಂದ್ನಲ್ಲ, ಒಳಗೆ ಹೊಕ್ಕೊಂಡಿದೆ, ಬರಲ್ಲ... ಹೌದು, ತೆಂಗಿನ ಬೇರಿನ ಹಂಗೇ ಕಾಣುತ್ತೆ. ತೆಂಗು ಬೆಂಗಳೂರಲ್ಲೂ ಇದೆ. ಮುಂದೆ ನೋಡು.

ಇದನ್ನ ತಗೋ, ನನಗೆ ಬಲು ಇಷ್ಟದ್ದು. ಬಲ ಮುಂಗೈ, ರೇಡಿಯಸ್. ಪರೀಕ್ಷೆಗೆ ನೆಟ್ಟಗಿರೋದನ್ನೇ ಕೊಡ್ತಾರೆ, ಇಂಥದ್ದು ಯಾರೂ ತೋರಿಸಲ್ಲ. ಮುರಿದಿದೆ. ಆಸ್ಪತ್ರೆಗೆ ಹೋಗದೆ ಬಿದಿರು ದಬ್ಬೆ, ಮೊಟ್ಟೆ ಲೋಳೆ ಹಾಕಿ ಕಟ್ಟಿಸ್ಕೊಂಡಿದಾಳೆ ಮಹಾತಾಯಿ. ಕುಡುಗೋಲಿನಂಗೆ ಬಗ್ಗಿ ಕೂಡಿದೆ. ಅಂಗೈ ಪೂರ್ತಿ ಮೇಲಕ್ಕೆ ತಿರುಗಿರಲ್ಲ. ಈ ಕೈಲಿ ಚೊಂಬು ಎತ್ತಿದ್ರೆ ಅರ್ಧ ನೀರು ಚೆಲ್ಲಿರುತ್ತೆ.

ಯಾಕೆ ತಲೆ ಅಲ್ಲಾಡಿಸ್ತೀಯ?

ಚೆಲ್ತಿರಲಿಲ್ವಾ?

ನಿನಗೆ ಹೆಂಗೆ ಗೊತ್ತು...

ನೋಡಮ್ಮ. ಸೊಟ್ಟ ಕೈ ಈ ಸೀಮೇಲಿ ನೂರಿದೆ. ಮರದಿಂದ ಬೀಳೋರು, ಟಗರಿಂದ ಗುದ್ದಿಸ್ಕೊಂಡೋರು. ಒಂದು ಮೂಳೆ ನೋಡಿ ಇಂಥವರದೇ ಅನ್ನೋಕೆ ಆಗಲ್ಲ, ವಿಜ್ಞಾನ ಹಂಗೆ ಹೇಳಲ್ಲ. ಅದನ್ನ ಕೆನ್ನೆಗೆ ಯಾಕೆ ಒತ್ಕೋತೀಯ? ಇಳಿಸು. ನಿಮ್ಮಜ್ಜಿ ಕೆಂಚಕ್ಕನಿಗೂ ಇದಕ್ಕೂ ಏನು...

ಏನು?

ನೀನು ಹೆಸರು ಹೇಳಿದ್ಯಲ್ಲ. ಈಗ ಹೇಳಿದ್ಯಲ್ಲ, ಕೆಂಚಕ್ಕ ಅಂತ. ಇಲ್ವಾ?

...ಡ್ರಿಪ್ ಪೈಪಿಗೆ ಜೆಸಿಬಿ ಗುಂಡಿ ತೆಗೀತಿತ್ತು. ಡ್ರೈವರಿಗೆ ಏನು ಗೊತ್ತು? ಮೇಲೆ ಬಂದ್ಬುಟ್ಟವು. ಮತ್ತೆ ಮುಚ್ಚಿದ್ರೆ ಯಾರಿಗೆ ಲಾಭ? ಇಲ್ಲಿ ನಿನ್ನಂಥ ಮಕ್ಕಳು ಪ್ಲಾಸ್ಟಿಕ್ ಮೂಳೆ ಮುಟ್ಟಿ ಕಲೀತಿವೆ. ಕಲ್ಲನ್ನ ಇದ್ದ ಜಾಗದಲ್ಲೇ ನಿಲ್ಲಿಸ್ದೆ, ನಿಮ್ಮಪ್ಪನಿಗೆ ನೋವಾಗಬಾರದು ಅಂತ. ನಾಳೆ ನಿನ್ನ ಮಾರ್ಕು ಹಾಕೋರಲ್ಲಿ ನಾನೂ ಒಬ್ಬ, ಅದೂ ನೆನಪಿರಲಿ. ಹಟ್ಟಿಗೆ ಹೋಗಿ ಕುರಿ ಹಿಂದೆ ತಿರುಗ್ತೀಯೋ, ಬಿಳಿ ಕೋಟು ಹಾಕ್ತೀಯೋ, ಯೋಚನೆ ಮಾಡು.

ಯೋಚನೆ ಮಾಡು ಅಂದೆ. ದುಪಟ್ಟ ಯಾಕೆ ಹಾಸ್ತಿದೀಯ?

ಮೂಳೆ ಒಂದೊಂದೇ ಅದರ ಮೇಲೆ ಇಡ್ತಿದೀಯಲ್ಲ ತಾಯಿ. ಬೈದಾದ್ರೂ ಬೈಯಿ. ಎಡಗಡೇದು ಎಡಕ್ಕೆ, ಬಲಗಡೇದು ಬಲಕ್ಕೆ... ಒಂದೂ ತಪ್ಪಿಲ್ಲ. ನಾಳೆ ಹಿಂಗೇ ಜೋಡಿಸಿದ್ರೆ ಸಾಕು, ಪೂರ್ತಿ ಮಾರ್ಕು. ಚಿತ್ತಯ್ಯ ಬರೋ ಅಗತ್ಯ ಇಲ್ಲ. ಇಬ್ಬರೇ ಸೇರಿ ಮುಚ್ಚಿಬುಡೋಣ, ಈಗಲೇ, ಗುದ್ದಲಿ ಇಲ್ಲೇ ಇದೆ.

ಇನ್ನೇನು ಹುಡುಕ್ತೀಯ? ಪೆಟ್ಟಿಗೇಲಿ ಅಷ್ಟೇ ಇರೋದು. ಚೀಲದ ಹಿಂದೆ ಇಲ್ಲ. ಅಲ್ಲೂ ಇಲ್ಲ.

ಹಂಗೆ ನೋಡಬೇಡ.

ತಲೆ ಇಲ್ಲಿಲ್ಲ ಮಂಜುಶ್ರೀ. ಕಾಲೇಜಿಗೆ ಕೊಟ್ಟೆ. ಲ್ಯಾಬಿನ ಗಾಜಿನ ಬೀರುವಿನಲ್ಲಿದೆ. ಹೋದ ವಾರ ನೀವೆಲ್ಲ ಅದರ ಮೇಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಲಿತಿದ್ದು... ಹಣೆ ಮೇಲಿನ ಗೆರೆ ಯಾರದ್ದು? ನಿನ್ನದೇ ಅಲ್ವಾ?