ತಾರಸಿಯ ಲೆಕ್ಕ

ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕ ತಮ್ಮನ ಮಾತು ತನಗೇಕೆಂದು ಹೊಲಿಗೆಯವಳು ಕಿಟಕಿಯತ್ತ ತಿರುಗಿ ಕೂತಿದ್ದಳು. ಆದರೆ ಕಿವಿಗೆ ಕದ ಎಲ್ಲಿದೆ?

“ನಿಜ ಹೇಳೋ. ಆಫೀಸಿನ ಕಂಪ್ಯೂಟರ್‌ಗೆ ಏನು ಮಾಡ್ದೆ?”

“ಓವರ್‌ಕ್ಲಾಕ್ ಮಾಡ್ದೆ ಅಕ್ಕಾ. ಪ್ರೊಸೆಸರ್ ಇನ್ನೂ ಜೋರಾಗಿ ಓಡ್ಲಿ ಅಂತ.”

“ಹಾಗೆ ಮಾಡಬಾರದು ಅಂತ ಕಂಪನಿಯವ್ರೇ ಬೀಗ ಹಾಕಿದ್ರಲ್ಲ?”

“ಹಾಕಿದ್ರು. ಸುತ್ತುದಾರೀಲಿ ತಪ್ಪಿಸ್ದೆ. ದಿನಾ ಅದನ್ನ ಆಮೆ ಅಂತ ಬೈತಿದ್ದೋಳು ನೀನೇ.”

“ಆಮೆ ಲೆಕ್ಕ ತಪ್ಪುತ್ತಿರ್ಲಿಲ್ಲ. ಇವತ್ತು ಅದೇ ತಾರಸಿ ಲೆಕ್ಕ ಮತ್ತೆ ಹಾಕಿದ್ರೆ ಬೇರೆ ಉತ್ತರ ಬಂತು.”

“ಒಳಗಿರೋದು ಪುಟ್ಟ ಫ್ಯಾನು, ಡಬ್ಬ ಕಾದು ಕೆಂಡ ಆಗ್ತಿತ್ತು. ಹೆಚ್ಚಂದ್ರೆ ಆಫ್ ಆಗುತ್ತೆ ಅಂದ್ಕೊಂಡಿದ್ದೆ. ಸುಳ್ಳು ಹೇಳುತ್ತೆ ಅಂತ ಗೊತ್ತಿರ್ಲಿಲ್ಲ.”

“ಎಷ್ಟು ಕಂಬಿ ಕಟ್ಟಬೇಕು ಅಂತ ಮೊದಲಿನ ಉತ್ತರಾನೇ ನೋಡಿ ಮೇಸ್ತ್ರಿಗೆ ಹೇಳ್ಬಿಟ್ಟಿದೀನಿ. ಕಾಂಕ್ರೀಟೂ ಹಾಕಾಯ್ತು. ಇವತ್ತು ಸೆಂಟ್ರಿಂಗ್ ಬಿಚ್ತಾರೆ.”

ಹೊಲಿಗೆಯವಳು ಕಿಟಕಿ ಬಿಟ್ಟು ಇತ್ತ ತಿರುಗಿದಳು. ಅವಳ ಅಣ್ಣ ಗಾರೆ ಕೆಲಸದವನು. ತಾರಸಿಗೆ ಕೊಟ್ಟ ಆಸರೆಯನ್ನು ಬಿಚ್ಚುವ ಆಳುಗಳು ಆ ತಾರಸಿಯ ಕೆಳಗೇ ನಿಂತಿರುತ್ತಾರೆಂದು ಅವಳಿಗೆ ಗೊತ್ತಿತ್ತು.

“ಅಕ್ಕಾ, ಮೇಸ್ತ್ರಿಗೆ ಇನ್ನೊಂದ್ಸಲ ಫೋನ್ ಮಾಡು.”

“ಮಾಡ್ತಾನೇ ಇದೀನಿ. ರಿಂಗ್ ಆಗುತ್ತೆ, ಎತ್ತಲ್ಲ.”

“ಕೆಲಸ ಶುರುವಾದ್ರೆ ಆ ಸದ್ದಲ್ಲಿ ಅವನಿಗೆ ಕೇಳ್ಸಲ್ಲ.”

ಬಸ್ಸು ನಿಲ್ಲುವ ಮೊದಲೇ ಇಬ್ಬರೂ ಎದ್ದು ಬಾಗಿಲಿಗೆ ಬಂದರು.

“ಅಕ್ಕಾ, ಎರಡರಲ್ಲಿ ಯಾವ ಉತ್ತರ ಸರಿ ಇರ್ಬಹುದು?”

“ಗೊತ್ತಿದ್ರೆ ಹಿಂಗೆ ಎದ್ದೂ ಬಿದ್ದೂ ಬರ್ತಿದ್ನಾ? ಇಳಿ, ಓಡು.”