ಹನ್ನೆರಡನೇ ತಾರೀಖಿನ ವಿಮಾನ

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟೂರು ಬಸ್ಸಿಗೆ ಕಾಯುತ್ತಿದ್ದ ಜಂಬಣ್ಣನ ಕಿವಿಗೆ ವಿಮಾನದ ಮಾತು ಬಿತ್ತು. ಪಕ್ಕದ ಬೆಂಚಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಹೆಣ್ಣುಮಗಳು, ಜೊತೆಗೆ ಅವಳ ಗಂಡನ ಅಣ್ಣ. ಗಂಡ ಮಸ್ಕತ್ತಿನಲ್ಲಿ ಡ್ರೈವರ್. ಅವಳು ಅವನಲ್ಲಿಗೆ ಹೋಗುವ ಟಿಕೇಟು ಬರೆಸಲು ಇವರು ಹೊಸಪೇಟೆಗೆ ಹೊರಟಿದ್ದರು.

“ಇಪ್ಪತ್ತನೇ ತಾರೀಖಿನ ವಿಮಾನ ಹತ್ತೊಂಬತ್ತು ಸಾವಿರ. ಹನ್ನೆರಡರದ್ದು ಇಪ್ಪತ್ತನಾಲ್ಕು ಸಾವಿರ. ಸುಮ್ನ ಐದು ಸಾವಿರ ಯಾಕ ಹೆಚ್ಚು ಕೊಡಬೇಕು, ಬಸಲಿಂಗವ್ವ?”

“ಸೋವಿದ್ರಾಗ ಪೆಟಿಗಿಗೆ ಬ್ಯಾರೆ ರೊಕ್ಕ ಕೇಳ್ತಾರಂತ್ರಿ, ಭಾವಾರ.”

“ಸಣ್ಣ ಪೆಟಿಗಿ ಒಯ್ಯಿ.”

“ಮಗಳು?”

“ಆಕಿಗೇನು?”

“ಹದಿನೈದಕ್ಕ ಎರಡು ವರ್ಷ ತುಂಬತಾವ. ಅದಕ್ಕ ಮುಂಚೆ ಹೋದ್ರ ಹತ್ತನೇ ಪಾಲು ಚಾರ್ಜು, ಎರಡು ಸಾವಿರದ ನಾನೂರು. ತುಂಬಿದ ಮ್ಯಾಲ ಅರ್ಧ, ಒಂಬತ್ತು ಸಾವಿರದ ಐನೂರು. ಕೂಡಿಸಿ ನೋಡ್ರಿ, ನಿಮ್ಮ ಸೋವಿ ವಿಮಾನನ ತುಟ್ಟಿ ಆಗ್ತೈತಿ.”

ಜಂಬಣ್ಣ ಮನಸ್ಸಿನಲ್ಲೇ ಕೂಡಿಸಿದ. ಅವಳ ಲೆಕ್ಕ ಸರಿಯಾಗಿತ್ತು. ಭಾವ ದನಿ ತಗ್ಗಿಸಿದ.

“ಕೂಸು ಬರ್ತೈತಿ ಅಂತ ಯಾರಂದ್ರು? ನಮ್ಮವ್ವನ ಹತ್ರ ಇರ್ಲಿ. ಕೂಸು ಇಲ್ಲಿದ್ರ ನಿಮಗ ಊರಿನ ನೆನಪಿರ್ತೈತಿ, ತಿಂಗಳಾ ರೊಕ್ಕಾನೂ ಬರ್ತೈತಿ.”

“ಒತ್ತಿ ಇಡಾಕ ನನ್ನ ಮಗಳೇನು ಬಂಗಾರ ಅಲ್ರಿ.”

ಅಷ್ಟರಲ್ಲಿ ಹೊಸಪೇಟೆ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು.

“ಕೂಸಿನ್ನ ಇಲ್ಲಿ ಕೊಡು, ನೀ ಹತ್ತು,” ಎಂದು ಭಾವ ಎರಡೂ ಕೈ ಚಾಚಿದ.

ಬಸಲಿಂಗವ್ವ ಕೊಡಲಿಲ್ಲ. ಮಗಳನ್ನು ಎದೆಗವಚಿಕೊಂಡು, ಒಂದೇ ಕೈಯಲ್ಲಿ ಕಂಬಿ ಹಿಡಿದು ಆ ನೂಕುನುಗ್ಗಲಿನಲ್ಲೇ ಮೇಲೆ ಹತ್ತಿದಳು. ಭಾವ ಒಂದು ಗಳಿಗೆ ಕೆಳಗೇ ನಿಂತಿದ್ದು, ಬರಿಗೈಯಲ್ಲಿ ಅವಳ ಹಿಂದೆ ಹತ್ತಿದ.