ಹಯಾತ್ ಕುಡಿದದ್ದು

ಬಾಯಿ ಬಿಡೋ ಹುಲಿಯಪ್ಪ! ಮಡಕೆಗೆ ಸುಣ್ಣ ಬಳಿದಿದ್ಯಾ, ಇಲ್ವಾ? ಅಷ್ಟೇ ನಾನು ಕೇಳ್ತಿರೋದು. ಮರ ಹತ್ತೋನು ನೀನು, ಕಳ್ಳು ಇಳಿಸೋನು ನೀನು. ನಿಂಗೆ ಗೊತ್ತಿರಲ್ವಾ?

ಎಂತಕ್ಕೆ ನಗ್ತೀಯ? ಈ ಬುಡನ್ ಸಾಬಿ ಗಾಡಿ ಹೊಡೆಯೋದು ಬಿಟ್ಟು ಕಳ್ಳಿನ ವಿಚಾರಕ್ಕೆ ಬಂದ ಅಂತಲಾ? ಇನ್ನೊಂದ್ಸಲ ಹಲ್ಲು ಕಿರಿ, ಅಷ್ಟೂ ಉದುರಿಸಿ ಕೈಗೆ ಕೊಡ್ತೀನಿ!

ಹಾಂ... ಹಿಂಗೆ ಸುಮ್ನೆ ಕೂರು.

ಇವತ್ತು ಬೆಳಿಗ್ಗೆ ನನ್ನ ತಮ್ಮ ಹಯಾತ್ ಇದೇ ಬಗನಿ ಮರದ ಬುಡದಲ್ಲಿ ನಿಂತು, ನಿನ್ನ ಮಡಕೆ ಎತ್ತಿ ಗಟಗಟ ಕುಡೀತಿದ್ದ. ಕಣ್ಣಾರೆ ಕಂಡೆ! ತೀರ್ಥಹಳ್ಳಿ ಮಸೀದೀಲಿ ಬಾಂಗು ಕೂಗೋ ಹುಡುಗ, ಕಳ್ಳು ಕುಡಿಯೋದಾ? ಅಮಲು ಬರೋದು ಒಂದು ಹನಿಯಾದ್ರೂ ಹರಾಮು ಮಾರಾಯ, ಹರಾಮು! ಕೊರಳಪಟ್ಟಿ ಹಿಡಿದು ಎಳೆದೆ. "ಭಾಯಿ, ಇದು ಸಿಹಿ ರಸ, ಹುಳಿ ಬಂದಿಲ್ಲ, ಮೌಲ್ವಿಗಳನ್ನ ಬೇಕಾದ್ರೆ ಕೇಳು" ಅಂದ. ನಂಗೇ ಪಾಠ! ಬಾರಿಸ್ದೆ. ನೊಗದ ಗೂಟ ಕೈಯಲ್ಲಿತ್ತು... ಬಾರಿಸ್ದೆ.

ಆಮೇಲೆ ಕೇಳ್ದೆ ಮೌಲ್ವಿಗಳನ್ನ. ಎಂತ ಅಂದ್ರು ಗೊತ್ತಾ? ಖರ್ಜೂರ ನೆನೆಸಿದ ನೀರು ಕುಡೀಬಹುದಂತೆ, ಮರದ ರಸಾನೂ ಕುಡೀಬಹುದಂತೆ. ನೊರೆಯೆದ್ದು ಅಮಲಿಗೆ ತಿರುಗಿದ್ರೆ ಹರಾಮಂತೆ. ಸುಣ್ಣ ಹಚ್ಚಿದ ಮಡಕೇಲಿ ರಸ ಹುಳಿಯಲ್ಲ, ಇಳಿಸಿದವನನ್ನೇ ಹೋಗಿ ಕೇಳು ಅಂದ್ರು.

ಅದಕ್ಕೇ ಬಂದೆ. ಬಳಿದಿಲ್ಲ ಅನ್ನು. ಹುಳಿ ಕಳ್ಳೇ ಕೊಟ್ಟೆ ಅನ್ನು!

ಹಯಾತಾ? ಅವನು... ಹೊಸನಗರಕ್ಕೆ ಹೋದ. ಮಾವನ ಮನೆಗೆ. ಸಿಟ್ಟು ಮಾಡ್ಕೊಂಡು. ಬರ್ತಾನೆ ಬಿಡು. ನಂಗೇನು ಅವನ ಮೇಲೆ ದ್ವೇಷವಾ? ಅಪ್ಪ ಸತ್ತ ಮೇಲೆ ಹೆಗಲ ಮೇಲೆ ಹೊತ್ತು ಬೆಳೆಸಿದೋನು ನಾನು!

ಎಲ್ಲಿಗೆ ಎದ್ದೆ? ಮಡಕೆ ಎಂತಕ್ಕೆ ಮಗುಚ್ತೀಯ? ಬೇಡ, ತೋರಿಸ್ಬೇಡ... ಬೂದಿ ಅದು, ಸುಣ್ಣ ಅಲ್ಲ. ಅಲ್ಲ ಅಂತ ಹೇಳೋ ಬೇವರ್ಸಿ!

...ಅವನಿಗೇ ಅಂತ ಬಳಿದಿಟ್ಟಿದ್ಯಾ? ಜ್ವರದಿಂದ ಎದ್ದವನು, ಬಾಯಿಗೆ ರುಚಿ ಬರಲಿ ಅಂತ?

ನನ್ನ ಅಂಗಿ ಹಂಗೆ ನೋಡ್ಬೇಡ. ಎತ್ತಿಗೆ ಗಾಯ ಆಗಿತ್ತು... ಎತ್ತಿನ ರಕ್ತ ಅದು. ನಂಬಲ್ವಾ? ಬಯ್ಯೋ! ಹೊಡಿಯೋ! ಕೈ ಮುಗೀತೀನಿ ಹುಲಿಯಪ್ಪ...

ಹೊಸನಗರಕ್ಕೆ ಹೋಗಿಲ್ಲ ಮಾರಾಯ. ಅಲ್ಲಿ, ತುಂಗೆಯ ಮರಳ ಮೇಲೆ ಮಲಗಿಸಿ ಬಂದಿದೀನಿ. ಎಷ್ಟು ಕರೆದ್ರೂ ಏಳ್ಲಿಲ್ಲ. ಬಿಸಿಲು ಬಿದ್ದಿರುತ್ತೆ ಈಗ ಮುಖದ ಮೇಲೆ... ಬಾ, ಒಂದು ಕೈ ಹಿಡಿ. ನೆರಳಿಗೆ ತರೋಣ.